ಕಟಕಟೆಯಲ್ಲಿ ಸುಲ್ತಾನ: ‘ತುಘಲಕ್’ ಮತ್ತು ಗಡಿ ಹಿಡಿದವರ ನಾಡು

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕವನ್ನು ನೆಹರೂ ಕಾಲದ ಭ್ರಮನಿರಸನವೆಂದು ಓದುವುದು ವಿಮರ್ಶೆಯ ರೂಢಿ. ಈ ಓದು ಮೊದಲ ದೃಶ್ಯವನ್ನು ಅವಸರದಲ್ಲಿ ದಾಟುತ್ತದೆ. ಅಲ್ಲಿ ಜಮೀನು ಕಳೆದುಕೊಂಡ ಬ್ರಾಹ್ಮಣನೊಬ್ಬ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ಐನೂರು ಬೆಳ್ಳಿ ದಿನಾರಿನ ಜೊತೆಗೆ ಸರ್ಕಾರಿ ನೌಕರಿಯೂ ಸಿಗುತ್ತದೆ. ಆದರೆ ವಾದಿ ಬ್ರಾಹ್ಮಣನಲ್ಲ, ಅಗಸ ಅಜೀಜ. ಕಾಯಿದೆಗೆ ತಲೆಬಾಗುವ ದೊರೆಯ ಎದುರು ನಿಂತದ್ದು ಒಂದು ವೇಷ.

ತುಳುನಾಡಿನ ಮುಂಡಾಜೆಯ ಕಡೆಯವರಿಗೆ ವೇಷದ ಎದುರು ತಲೆಬಾಗುವ ಅಧಿಕಾರ ಅಪರಿಚಿತವಲ್ಲ. ಅಲ್ಲಿ ಗುತ್ತಿನ (ಹಳೆಯ ಜಮೀನ್ದಾರಿ ಮನೆತನದ) ಗಡಿ ಹಿಡಿಯುವ, ಅಂದರೆ ಪಟ್ಟವೇರುವ, ಯಜಮಾನನಿಗೂ ದೈವದ ಬೂಳ್ಯ (ಒಪ್ಪಿಗೆಯ ವೀಳ್ಯ) ಬೇಕು. ಕೋಲದ (ದೈವಾರಾಧನೆಯ) ರಾತ್ರಿ ಅವನು ಕೈಮುಗಿದು ನಿಲ್ಲುತ್ತಾನೆ. ಅಣಿ ಕಟ್ಟಿ ದೈವದ ವೇಷ ತೊಟ್ಟ ಪಂಬದ ಜಾತಿಯವನೋ ನಲಿಕೆಯವನೋ ಅವನನ್ನು ಹೆಸರು ಹಿಡಿದು ಕರೆದು ವಿಚಾರಿಸುತ್ತಾನೆ. ಇದನ್ನು ಪ್ರಜಾಸತ್ತೆಯೆಂದು ಹೊಗಳುವವರಿದ್ದಾರೆ. ನನಗೆ ಆ ಉತ್ಸಾಹವಿಲ್ಲ. ಬಣ್ಣ ತೊಳೆದ ಮೇಲೆ ವೇಷ ಕಟ್ಟಿದವನು ಮರಳುವುದು ಅದೇ ಜಾತಿಯ ಅಂಗಳಕ್ಕೆ. ಆದರೂ ಒಂದು ವ್ಯತ್ಯಾಸ ಗಮನಾರ್ಹ: ಇಲ್ಲಿ ಪ್ರಶ್ನೆ ಅಧಿಕಾರಕ್ಕೆ ಹೊರಗಿನಿಂದ ಬರುತ್ತದೆ, ವೇಷವೆಂದು ಎಲ್ಲರಿಗೂ ತಿಳಿದೇ ಅದಕ್ಕೆ ಬಲ. ನಾಟಕದ ದೆಹಲಿಯಲ್ಲಿ ನ್ಯಾಯಪೀಠವನ್ನು ಕಟ್ಟಿದವನೂ, ಅದಕ್ಕೆ ತಲೆಬಾಗುವವನೂ ಒಬ್ಬನೇ.

ನವ್ಯ ಸಾಹಿತಿಗಳು ಈ ದೈವಗಳ ಲೋಕವನ್ನು ಅರಿಯದವರಲ್ಲ. ಮೊಗೇರಿಯ ಗೋಪಾಲಕೃಷ್ಣ ಅಡಿಗರು ‘ಭೂತ’ವೆಂಬ ಒಂದೇ ಪದದಲ್ಲಿ ಪಿಶಾಚಿಯನ್ನೂ ಕಳೆದ ಕಾಲವನ್ನೂ ಹಿಡಿದರು. ‘ತುಘಲಕ್’ ಅನ್ನು ಹಿಂದೂಸ್ತಾನಿಗೆ ತಂದ ಬಿ. ವಿ. ಕಾರಂತರು ಬಂಟ್ವಾಳ ತಾಲೂಕಿನ ಮಂಚಿಯವರು (ಆಕಸ್ಮಿಕವಿರಬಹುದು, ನನಗೆ ಹಾಗೆನಿಸುವುದಿಲ್ಲ). ಅನಂತಮೂರ್ತಿಯವರ ‘ಅವಸ್ಥೆ’ಯ (1978) ಕೃಷ್ಣಪ್ಪ ಗೌಡನೂ ಅಧಿಕಾರದ ಹೊಸ್ತಿಲಲ್ಲಿ ತನ್ನನ್ನು ತಾನೇ ವಿಚಾರಿಸಿಕೊಳ್ಳುವ ನಾಯಕ. ನವ್ಯದ ಅಧಿಕಾರಸ್ಥ ಒಂಟಿ. ಅವನ ಅಂತಃಸಾಕ್ಷಿಯೇ ಅವನ ಕೋರ್ಟು. ಇದು ನವ್ಯದ ಶಕ್ತಿ, ಮಿತಿಯೂ ಹೌದು. ಅಂಗಳದಲ್ಲಿ ನಿಂತು ಕೇಳುವ ಒಕ್ಕಲು ಅದರಲ್ಲಿ ಅಪರೂಪ.

ಇಂಥ ಒಂಟಿ ಅಧಿಕಾರದ ಕುರುಹು ಇಲ್ಲಿಯೂ ಇದೆ. ಮುಂಡಾಜೆಯಿಂದ ಹೆಚ್ಚು ದೂರವಿಲ್ಲದ ಗಡಾಯಿಕಲ್ಲಿನ ಮೇಲೆ ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಹೆಸರಿಟ್ಟ; ತಾಯಿಯ ನೆನಪಿಗೆ ಎಂಬುದು ಪ್ರತೀತಿ. ಐದೇ ವರ್ಷದಲ್ಲಿ ಅದು ಇಂಗ್ಲಿಷರ ಪಾಲಾಯಿತು. ನಾಟಕದ ಅಂತ್ಯದಲ್ಲಿ ಕಾರ್ನಾಡರ ಸುಲ್ತಾನನೂ, ತಾನು ರಾಜಧಾನಿ ಸಾಗಿಸಿದ ದೌಲತಾಬಾದಿನ ಕೋಟೆಯಲ್ಲಿ, ಒಂಟಿ. ಅವನ ಮುಖಕ್ಕೆ ಸತ್ಯ ಹೇಳಬಲ್ಲವನು ಕೊನೆಗೆ ಅಜೀಜನೊಬ್ಬನೇ, ಈ ಬಾರಿ ಖಲೀಫನ ವಂಶಸ್ಥನ ವೇಷದಲ್ಲಿ. ಸುಲ್ತಾನ ಅವನಿಗೆ ಶಿಕ್ಷೆ ಕೊಡುವುದಿಲ್ಲ, ದಖ್ಖನಿನ ಸೈನ್ಯದಲ್ಲಿ ಹುದ್ದೆ ಕೊಡುತ್ತಾನೆ.