ಬ್ರಹ್ಮಪ್ರಕಾಶರ ಲೋಹಶೋಧನ

ರಸಶಾಸ್ತ್ರದಲ್ಲಿ ಲೋಹದ ದೋಷವನ್ನು ಕಳೆಯುವ ಕ್ರಿಯೆಗೆ ಶೋಧನವೆಂದು ಹೆಸರು. ಬ್ರಹ್ಮಪ್ರಕಾಶರ ಜೀವಿತಕಾರ್ಯಕ್ಕೂ ಈ ಪದವೇ ಒಪ್ಪುವುದು. 1912ರಲ್ಲಿ ಲಾಹೋರಿನಲ್ಲಿ ಜನಿಸಿದ ಇವರು 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗಕ್ಕೆ ಭಾರತೀಯರಲ್ಲಿ ಮೊದಲನೆಯ ಮುಖ್ಯಸ್ಥರಾದರು. ಅನಂತರ ತ್ರಾಂಬೆಯಲ್ಲಿ ಪರಮಾಣುಶಕ್ತಿಗೆ ಬೇಕಾದ ಲೋಹಗಳ ಸಾಧನೆಗೆ ನೇತೃತ್ವ ವಹಿಸಿದರು.

ಪರಮಾಣು ಸ್ಥಾವರದಲ್ಲಿ ಇಂಧನದ ಕವಚವು ಉಷ್ಣವನ್ನೂ ವಿಕಿರಣವನ್ನೂ ಸಹಿಸಬೇಕು, ನ್ಯೂಟ್ರಾನುಗಳನ್ನು ಮಾತ್ರ ಹೀರಕೂಡದು. ಇದಕ್ಕೆ ಜಿರ್ಕೋನಿಯಮ್ ತಕ್ಕುದು. ಆದರೆ ಅದರ ಅದಿರಿನಲ್ಲಿ ಹಾಫ್ನಿಯಮ್ ಸಹಜವಾಗಿ ಬೆರೆತಿರುವುದು. ರಸಾಯನಗುಣದಲ್ಲಿ ಅವಳಿಯಂತಿದ್ದರೂ ಅದು ನ್ಯೂಟ್ರಾನುಗಳನ್ನು ನುಂಗುವುದು. ಅವಳಿಗಳನ್ನು ಅಗಲಿಸುವುದೇ ಇಲ್ಲಿಯ ದುಷ್ಕರಕಾರ್ಯ. ಅದು ಸ್ವದೇಶದಲ್ಲಿಯೇ ಸಿದ್ಧಿಸಿದುದರಿಂದ ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣಕ್ಕೆ ಬುನಾದಿಯಾಯಿತು. ಬ್ರಹ್ಮಪ್ರಕಾಶರು 1984ರಲ್ಲಿ ದಿವಂಗತರಾದರು. ಪ್ರಾಚೀನರ ಶೋಧನಕ್ಕೆ ರೋಗನಿವಾರಣೆಯು ಫಲ. ಇವರ ಶೋಧನಕ್ಕೆ ಪರಾವಲಂಬನನಿವಾರಣೆಯು ಫಲ.