ಹಿರಿಯ ವಯಸ್ಸಿನ ಜೀವಂತ ದಾನಿಗಳ ಮೂತ್ರಪಿಂಡ ದಾನ: ಲ್ಯಾಪರೊಸ್ಕೋಪಿಕ್ ಶಸ್ತ್ರಚಿಕಿತ್ಸೆಯ ಕುರಿತು ಸಾರ್ವಜನಿಕರಿಗೆ ಮಾಹಿತಿ

ಮೂತ್ರಪಿಂಡ ವೈಫಲ್ಯಕ್ಕೆ ಒಳಗಾದ ಮಕ್ಕಳಿಗೆ ಅಥವಾ ಒಡಹುಟ್ಟಿದವರಿಗೆ ದಾನ ಮಾಡಲು ಮುಂದೆ ಬರುವವರಲ್ಲಿ 60 ವರ್ಷ ಮೀರಿದವರೂ ಇರುತ್ತಾರೆ. ವಯಸ್ಸಾಗಿದೆ ಎಂಬ ಒಂದೇ ಕಾರಣದಿಂದ ಅವರು ಅನರ್ಹರಾಗುವುದಿಲ್ಲ. ಮಾನವ ಅಂಗಾಂಗ ಕಸಿ ಅಧಿನಿಯಮ, 1994ರ ಪ್ರಕಾರ ದಾನಿಗೆ ಕನಿಷ್ಠ 18 ವರ್ಷ ತುಂಬಿರಬೇಕು. ಗರಿಷ್ಠ ವಯೋಮಿತಿಯನ್ನು ಗೊತ್ತುಪಡಿಸಿಲ್ಲ. ದಾನಿಯ ಅರ್ಹತೆಯನ್ನು ವೈದ್ಯಕೀಯ ತಪಾಸಣೆಯ ಆಧಾರದ ಮೇಲೆ ನಿರ್ಧರಿಸಲಾಗುತ್ತದೆ.

1. ಶಸ್ತ್ರಚಿಕಿತ್ಸೆಯ ವಿಧಾನ
ಹಿಂದೆ ಪಕ್ಕೆಯಲ್ಲಿ ಉದ್ದನೆಯ ಛೇದನ ಮಾಡಿ ಮೂತ್ರಪಿಂಡವನ್ನು ತೆಗೆಯಲಾಗುತ್ತಿತ್ತು. ಜೀವಂತ ದಾನಿಯ ಮೂತ್ರಪಿಂಡವನ್ನು ಲ್ಯಾಪರೊಸ್ಕೋಪಿಕ್ ವಿಧಾನದಿಂದ ಮೊದಲ ಬಾರಿಗೆ ತೆಗೆದದ್ದು 1995ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ಪೂರ್ಣ ಅರಿವಳಿಕೆ ನೀಡಿ, ಹೊಟ್ಟೆಯೊಳಗೆ ಅನಿಲ ತುಂಬಿ, ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಸೇರಿಸಲಾಗುತ್ತದೆ. ಬಿಡಿಸಿದ ಮೂತ್ರಪಿಂಡವನ್ನು ಸಾಮಾನ್ಯವಾಗಿ ಕಿಬ್ಬೊಟ್ಟೆಯಲ್ಲಿ ಮಾಡುವ ಚಿಕ್ಕ ಛೇದನದಿಂದ ಹೊರತೆಗೆಯಲಾಗುತ್ತದೆ. ಎಡ ಮೂತ್ರಪಿಂಡದ ಅಭಿಧಮನಿ ಹೆಚ್ಚು ಉದ್ದವಿರುವುದರಿಂದ ಬಹುತೇಕ ಎಡಭಾಗದ್ದನ್ನೇ ಆರಿಸಲಾಗುತ್ತದೆ.

ಈ ವಿಧಾನದಲ್ಲಿ ನೋವು ಕಡಿಮೆ. ದಾನಿಯು ಬೇಗನೆ ಎದ್ದು ನಡೆದಾಡಬಹುದು. ಹಿರಿಯರಿಗೆ ಇದು ಮುಖ್ಯ ಪ್ರಯೋಜನ. ಆದಾಗ್ಯೂ ಇದು ದೊಡ್ಡ ಶಸ್ತ್ರಚಿಕಿತ್ಸೆಯೇ ಆಗಿದ್ದು, ರಕ್ತಸ್ರಾವ ಮುಂತಾದ ಸಂದರ್ಭಗಳಲ್ಲಿ ತೆರೆದ ವಿಧಾನಕ್ಕೆ ಬದಲಾಯಿಸಬೇಕಾಗಬಹುದು.

2. ಪೂರ್ವ ತಪಾಸಣೆ
ವಯಸ್ಸಾದಂತೆ ಮೂತ್ರಪಿಂಡಗಳ ಶೋಧನಾ ಸಾಮರ್ಥ್ಯ ಕುಗ್ಗುತ್ತದೆ. ಉಳಿಯುವ ಒಂದು ಮೂತ್ರಪಿಂಡವು ದಾನಿಯ ಜೀವಮಾನಕ್ಕೆ ಸಾಲಬೇಕು. ಗಾಯ ಚಿಕ್ಕದೆಂಬ ಕಾರಣಕ್ಕೆ ತಪಾಸಣೆಯನ್ನು ಸಡಿಲಿಸುವಂತಿಲ್ಲ. ಈ ಕೆಳಕಂಡವುಗಳನ್ನು ಪರೀಕ್ಷಿಸಲಾಗುತ್ತದೆ:
ಅ) ಶೋಧನಾ ಸಾಮರ್ಥ್ಯ, ಮೂತ್ರದಲ್ಲಿ ಪ್ರೋಟೀನ್ ಅಂಶ
ಆ) ರಕ್ತದೊತ್ತಡ, ಮಧುಮೇಹ
ಇ) ಹೃದಯ ಮತ್ತು ಶ್ವಾಸಕೋಶ
ಈ) ಸಿ.ಟಿ. ಸ್ಕ್ಯಾನ್ ಮೂಲಕ ಮೂತ್ರಪಿಂಡದ ರಕ್ತನಾಳಗಳು

3. ಒಪ್ಪಿಗೆ ಮತ್ತು ಅನುಮತಿ
1994ರ ಅಧಿನಿಯಮವು ಪತಿ, ಪತ್ನಿ, ತಂದೆ, ತಾಯಿ, ಮಕ್ಕಳು ಹಾಗೂ ಒಡಹುಟ್ಟಿದವರನ್ನು ಹತ್ತಿರದ ಸಂಬಂಧಿಗಳೆಂದು ಪರಿಗಣಿಸಿದೆ. 2011ರ ತಿದ್ದುಪಡಿಯು ಅಜ್ಜ, ಅಜ್ಜಿ ಮತ್ತು ಮೊಮ್ಮಕ್ಕಳನ್ನೂ ಸೇರಿಸಿದೆ. ಇತರರು ದಾನ ಮಾಡಲು ಅಧಿಕೃತ ಸಮಿತಿಯ ಪೂರ್ವಾನುಮತಿ ಅವಶ್ಯಕ. ಅಂಗಕ್ಕಾಗಿ ಹಣ ಕೊಡುವುದು ಅಥವಾ ಪಡೆಯುವುದು ದಂಡನಾರ್ಹ ಅಪರಾಧವಾಗಿದೆ.

ಮನೆಯ ಹಿರಿಯರು ಕುಟುಂಬದವರ ಮಾತಿಗೆ ಕಟ್ಟುಬಿದ್ದು ಒಪ್ಪಿಗೆ ನೀಡುವಂತಾಗಬಾರದು. ದಾನಿ ಮಹಿಳೆಯಾಗಿದ್ದಲ್ಲಿ, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರನ್ನು ಹೊರತುಪಡಿಸಿ ಬೇರೊಬ್ಬರು ದೃಢೀಕರಿಸಬೇಕೆಂದು 2014ರ ನಿಯಮಗಳು ತಿಳಿಸುತ್ತವೆ. ಶಸ್ತ್ರಚಿಕಿತ್ಸೆಗೆ ಮುನ್ನ ಯಾವುದೇ ಹಂತದಲ್ಲಿ ದಾನಿಯು ಒಪ್ಪಿಗೆಯನ್ನು ಹಿಂಪಡೆಯಬಹುದು.

4. ದಾನದ ನಂತರ
ಕೆಲವು ವಾರಗಳ ಕಾಲ ಭಾರ ಎತ್ತಬಾರದು. ವೈದ್ಯರ ಸಲಹೆಯಿಲ್ಲದೆ ನೋವುನಿವಾರಕ ಮಾತ್ರೆಗಳನ್ನು ಸೇವಿಸಬಾರದು. ರಕ್ತದೊತ್ತಡ, ಕ್ರಿಯಾಟಿನಿನ್ ಹಾಗೂ ಮೂತ್ರ ಪರೀಕ್ಷೆಯನ್ನು ಪ್ರತಿ ವರ್ಷ ಜೀವನಪರ್ಯಂತ ಮಾಡಿಸತಕ್ಕದ್ದು.

ಹೆಚ್ಚಿನ ವಿವರಗಳಿಗಾಗಿ ಅರ್ಜಿದಾರರು ಅಂಗಾಂಗ ಕಸಿಗೆ ನೋಂದಣಿ ಪಡೆದ ಆಸ್ಪತ್ರೆಯ ಕಸಿ ಸಂಯೋಜಕರನ್ನು ಸಂಪರ್ಕಿಸಬಹುದು.