ಮಸಿ ಸುಡುವ ಬಿಸಿ: ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಡೀಸೆಲ್ ಲಾರಿಗಳು ಮತ್ತು ಎತ್ತರದ ಪ್ರಶ್ನೆ

2020ರ ಏಪ್ರಿಲ್ 1ರಿಂದ ದೇಶದ ಹೊಸ ಲಾರಿಗಳಿಗೆ ಬಿಎಸ್-6 ಹೊಗೆ ಮಾನದಂಡ ಕಡ್ಡಾಯವಾಯಿತು. ಬಿಎಸ್-5ರ ಮೆಟ್ಟಿಲನ್ನು ಬಿಟ್ಟು ಬಿಎಸ್-4ರಿಂದ ನೇರವಾಗಿ ಇಲ್ಲಿಗೆ ಬಂದ ಈ ಬದಲಾವಣೆಯಲ್ಲಿ ಡೀಸೆಲ್ಲಿನ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಭಾರಿ ವಾಹನದ ಹೊಗೆಯಲ್ಲಿ ಇರಬಹುದಾದ ಕಣಗಳ ತೂಕವನ್ನು ಕಿಲೋವ್ಯಾಟ್-ಗಂಟೆಗೆ 0.01 ಗ್ರಾಮಿಗೆ ಕಟ್ಟಿಹಾಕಲಾಯಿತು. ತೂಕದ ಜೊತೆಗೆ ಕಣಗಳ ಎಣಿಕೆಗೂ ಮಿತಿ ಬಂತು. ಈ ಮಿತಿಯೊಳಗೆ ನಿಲ್ಲಲು ಸೈಲೆನ್ಸರಿನ ದಾರಿಯಲ್ಲಿ ಜೇನುಗೂಡಿನಂಥ ಸೆರಾಮಿಕ್ ಫಿಲ್ಟರ್ ಕೂರಿಸಬೇಕಾಯಿತು. ಚಾಲಕರ ಬಾಯಲ್ಲಿ ಅದು ಡಿಪಿಎಫ್. ಫಿಲ್ಟರ್ ಮಸಿಯನ್ನು ಹಿಡಿಯುತ್ತದೆ, ಹಿಡಿದದ್ದು ತುಂಬುತ್ತದೆ, ತುಂಬಿದ್ದನ್ನು ಆಗಾಗ ಸುಟ್ಟು ಬರಿದು ಮಾಡಬೇಕು. ಈ ಸುಡುವಿಕೆ ಎಷ್ಟು ಸಲ ಬೇಕಾಗುತ್ತದೆ ಎಂಬ ಚರ್ಚೆಯಲ್ಲಿ ಎತ್ತರದ ಪ್ರದೇಶದ ತೆಳು ಗಾಳಿಗೆ ದೊಡ್ಡ ಸ್ಥಾನ ಸಿಕ್ಕಿದೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳು ದಖ್ಖನ್ ಪ್ರಸ್ಥಭೂಮಿಯ ಮೇಲೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಆಸುಪಾಸಿನಲ್ಲಿವೆ. ಇಲ್ಲಿ ಓಡುವ ಲಾರಿಯ ಫಿಲ್ಟರಿನ ಗತಿಯನ್ನು ನಿರ್ಧರಿಸುವುದು ಎತ್ತರವಲ್ಲ, ಹೊಗೆಯ ಬಿಸಿ. ಆ ಬಿಸಿಯನ್ನು ನಿರ್ಧರಿಸುವುದು ಈ ಸೀಮೆಯ ಒಕ್ಕಲುತನ ಮತ್ತು ಮಾರುಕಟ್ಟೆ ಲಾರಿಯನ್ನು ದುಡಿಸಿಕೊಳ್ಳುವ ರೀತಿ ಎಂಬುದು ಈ ಲೇಖನದ ವಾದ.

ಮೊದಲು ಮಸಿ ಮತ್ತು ಬೂದಿಯನ್ನು ಬೇರೆಬೇರೆಯಾಗಿ ನೋಡಬೇಕು; ಗೊಂದಲದ ಅರ್ಧ ಭಾಗ ಇಲ್ಲೇ ಹುಟ್ಟುತ್ತದೆ. ಮಸಿ ಎಂದರೆ ಪೂರ್ತಿ ಉರಿಯದ ಇಂಗಾಲ, ಬಿಸಿ ಸಿಕ್ಕರೆ ಅದು ಉರಿದು ಅನಿಲವಾಗಿ ಹೋಗುತ್ತದೆ. ಬೂದಿ ಬರುವುದು ಹೆಚ್ಚಾಗಿ ಎಂಜಿನ್ ಆಯಿಲಿನಲ್ಲಿ ಬೆರೆಸಿದ ಲೋಹಯುಕ್ತ ರಾಸಾಯನಿಕಗಳಿಂದ. ಅದು ಯಾವ ಬಿಸಿಗೂ ಸುಡದು. ಫಿಲ್ಟರನ್ನು ಬಿಚ್ಚಿ ಯಂತ್ರದಲ್ಲಿ ಊದಿಯೇ ತೆಗೆಯಬೇಕು. ಮಸಿ ಸುಡುವುದಕ್ಕೆ ಎರಡು ದಾರಿಗಳಿವೆ. ಲಾರಿ ಭಾರ ಹೊತ್ತು ಒಂದೇ ಸಮನೆ ಓಡುವಾಗ ಹೊಗೆಯ ಉಷ್ಣತೆ 250ರಿಂದ 400 ಡಿಗ್ರಿ ಸೆಲ್ಸಿಯಸ್ ನಡುವೆ ನಿಂತರೆ, ಫಿಲ್ಟರಿನ ಮುಂದಿರುವ ವೇಗವರ್ಧಕವು ಹೊಗೆಯೊಳಗಿನ ನೈಟ್ರಿಕ್ ಆಕ್ಸೈಡನ್ನು ನೈಟ್ರೋಜನ್ ಡೈಆಕ್ಸೈಡ್ ಮಾಡುತ್ತದೆ. ಅದು ಮಸಿಯನ್ನು ಸದ್ದಿಲ್ಲದೆ ತಿನ್ನುತ್ತಾ ಹೋಗುತ್ತದೆ. ಡ್ರೈವರಿಗೆ ಇದರ ಸುಳಿವೂ ಸಿಗುವುದಿಲ್ಲ. ಈ ಬಿಸಿ ಸಿಗದೆ ಮಸಿ ಕೂಡಿದಾಗ ಎರಡನೆಯ ದಾರಿ: ಎಂಜಿನ್ನಿನ ಎಲೆಕ್ಟ್ರಾನಿಕ್ ನಿಯಂತ್ರಕ ಹೆಚ್ಚುವರಿ ಡೀಸೆಲ್ ಹರಿಸಿ ವೇಗವರ್ಧಕದ ಮೇಲೆ ಉರಿಸುತ್ತದೆ, ಫಿಲ್ಟರಿನ ಬಿಸಿಯನ್ನು 550–600 ಡಿಗ್ರಿಗೆ ಏರಿಸಿ ಆಮ್ಲಜನಕದಿಂದಲೇ ಮಸಿಯನ್ನು ಸುಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತುವುದು, ಅರ್ಧ ತಾಸಿನ ಆಸುಪಾಸು ಹಿಡಿಯುವುದು, ಡೀಸೆಲ್ ಖರ್ಚಾಗುವುದು ಈ ಎರಡನೆಯ ಬಗೆಯಲ್ಲಿ. ಹಾಗಾಗಿ ‘ಎಷ್ಟು ಸಲ ಶುಚಿ ಮಾಡಬೇಕು’ ಎಂದು ಕೇಳುವುದೂ ‘ಮೊದಲ ದಾರಿ ಎಷ್ಟು ಹೊತ್ತು ಮುಚ್ಚಿರುತ್ತದೆ’ ಎಂದು ಕೇಳುವುದೂ ಬಹುಪಾಲು ಒಂದೇ.

ಎತ್ತರಕ್ಕೆ ಇದರಲ್ಲಿ ಪಾತ್ರವೇ ಇಲ್ಲ ಎನ್ನಲಾಗದು. ಲಡಾಖಿನ ಖಾರ್‌ದುಂಗ್ ಲಾ 5,359 ಮೀಟರ್ ಎತ್ತರದಲ್ಲಿದೆ. ಪ್ರಮಾಣಿತ ವಾತಾವರಣದ ಲೆಕ್ಕದಲ್ಲಿ ಅಲ್ಲಿನ ಗಾಳಿಯೊತ್ತಡ ಸಮುದ್ರಮಟ್ಟದ ಅರ್ಧದಷ್ಟು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ತನ್ನ ವೇಗದ ಮಿತಿ ಮುಟ್ಟುತ್ತದೆ, ಸಿಲಿಂಡರಿಗೆ ಆಮ್ಲಜನಕ ಸಾಲದೆ ಮಸಿ ಹೆಚ್ಚುತ್ತದೆ, ಫಿಲ್ಟರಿನೊಳಗೂ ಆಮ್ಲಜನಕದ ಭಾಗಶಃ ಒತ್ತಡ ಕುಸಿದು ಉರಿ ನಿಧಾನವಾಗುತ್ತದೆ. ಫಿಲ್ಟರಿನ ಆಚೀಚೆಯ ಒತ್ತಡದ ಅಂತರದಿಂದ ಮಸಿಯ ಪ್ರಮಾಣವನ್ನು ಊಹಿಸುವ ಸೆನ್ಸರಿಗೂ ಅಲ್ಲಿ ತಿದ್ದುಪಡಿ ಬೇಕು: ಅಷ್ಟೇ ತೂಕದ ತೆಳು ಅನಿಲ ಹೆಚ್ಚು ಜಾಗ ಬೇಡುವುದರಿಂದ ಫಿಲ್ಟರಿನಲ್ಲಿ ವೇಗವಾಗಿ ನುಗ್ಗಿ ಅಂತರವನ್ನು ಹಿಗ್ಗಿಸಿ ತೋರಿಸುತ್ತದೆ. ಯುರೋಪಿನ ಯೂರೋ-6 ನಿಯಮಾವಳಿಯು ಭಾರಿ ವಾಹನಗಳ ರಸ್ತೆ ಪರೀಕ್ಷೆಯನ್ನು ಗಾಳಿಯೊತ್ತಡ 82.5 ಕಿಲೋಪಾಸ್ಕಲ್‌ಗಿಂತ ಕಡಿಮೆಯಾಗದ ಜಾಗಗಳಿಗೆ, ಅಂದರೆ ಸುಮಾರು 1,700 ಮೀಟರ್ ಒಳಗಿನ ಪ್ರದೇಶಗಳಿಗೆ ಸೀಮಿತಗೊಳಿಸಿದ್ದು ಸುಮ್ಮನೆ ಅಲ್ಲ. ಆದರೆ ಇದೇ ಅಳತೆಗೋಲನ್ನು ರೋಣಕ್ಕೆ ಹಿಡಿದರೆ ಚಿತ್ರ ಬೇರೆ. 600 ಮೀಟರ್ ಎತ್ತರದಲ್ಲಿ ಒತ್ತಡ ಸುಮಾರು 94.3 ಕಿಲೋಪಾಸ್ಕಲ್, ಸಮುದ್ರಮಟ್ಟಕ್ಕಿಂತ ನೂರಕ್ಕೆ ಏಳರಷ್ಟು ಕಡಿಮೆ. ಗಾಳಿಯಂತ್ರಗಳು ನಿಂತಿರುವ ಗಜೇಂದ್ರಗಡದ ಗುಡ್ಡವನ್ನು ಏರಿದರೂ ಪ್ರತಿ 100 ಮೀಟರಿಗೆ ಇಳಿಯುವುದು 1.1 ಕಿಲೋಪಾಸ್ಕಲ್‌ನಷ್ಟು ಮಾತ್ರ. ಟರ್ಬೊ ಇರುವ ಎಂಜಿನ್ನಿಗೆ ಈ ಕೊರತೆಯನ್ನು ತುಂಬಿಕೊಳ್ಳುವುದು ಕಷ್ಟವಲ್ಲ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಎಂಜಿನ್ ಉಸಿರಾಡುವುದು ನಕ್ಷೆಯ ಮೇಲಿನ ಎತ್ತರವನ್ನಲ್ಲ, ಗಾಳಿಯ ಸಾಂದ್ರತೆಯನ್ನು. ಬಯಲುಸೀಮೆಯ ಬೇಸಿಗೆಯಲ್ಲಿ ಅದು ಇನ್ನೂ ಕುಸಿಯುತ್ತದಲ್ಲ? ನಿಜ. ಬಿಸಿಲು 40 ಡಿಗ್ರಿ ಮುಟ್ಟಿದ ದಿನ ಈ ಸೀಮೆಯ ಗಾಳಿ ಘನಮೀಟರಿಗೆ ಸುಮಾರು 1.05 ಕಿಲೋಗ್ರಾಂ ತೂಗುತ್ತದೆ. ಸಮುದ್ರಮಟ್ಟದ ಪ್ರಮಾಣಿತ ಗಾಳಿಯ ತೂಕ 1.225. ಸಾಂದ್ರತೆಯ ಲೆಕ್ಕದಲ್ಲಿ ಆ ಮಧ್ಯಾಹ್ನ ರೋಣದ ಲಾರಿ ಸುಮಾರು 1,600 ಮೀಟರ್ ಎತ್ತರದಲ್ಲಿ, ಅಂದರೆ ಮಡಿಕೇರಿಗಿಂತಲೂ ಮೇಲೆ ಓಡುತ್ತಿದೆ ಎನ್ನಬಹುದು. ಎರಡನೆಯ ಅಂಶ ಎರೆಮಣ್ಣಿನ ಧೂಳು. ಸುಗ್ಗಿಯ ದಿನಗಳಲ್ಲಿ ಹೊಲದ ದಾರಿಯ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಭಾರಿ ಎಂಜಿನ್ನುಗಳಲ್ಲಿ ಏರ್ ಫಿಲ್ಟರ್ ಬದಲಿಸಲು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗಡಿ 25 ಇಂಚು ನೀರಿನ ಒತ್ತಡ, ಎಂದರೆ ಸುಮಾರು 6.2 ಕಿಲೋಪಾಸ್ಕಲ್. ಸಮುದ್ರಮಟ್ಟದಿಂದ ರೋಣದವರೆಗೆ ಏರಿ ಕಳೆದುಕೊಂಡದ್ದು 7 ಕಿಲೋಪಾಸ್ಕಲ್. ಧೂಳು ಕಟ್ಟಿದ ಒಂದು ಏರ್ ಫಿಲ್ಟರ್ ಹೆಚ್ಚುಕಡಿಮೆ ಅಷ್ಟನ್ನೇ ಮತ್ತೊಮ್ಮೆ ಕಸಿಯುತ್ತದೆ. ತೆಳು ಗಾಳಿಯ ಬಗ್ಗೆ ಚಿಂತಿಸುವವರು ಮೊದಲು ನೋಡಬೇಕಾದದ್ದು ಇದನ್ನು. ಆದರೂ ಬೇಸಿಗೆಯ ತೆಳು ಗಾಳಿಯನ್ನು ಎತ್ತರದ ತೆಳು ಗಾಳಿಯ ಪಕ್ಕದಲ್ಲಿಟ್ಟು ನೋಡಿದರೆ ನನ್ನ ವಾದ ಸಡಿಲವಾಗುವುದಿಲ್ಲ. ಒಳಗೆ ಬರುವ ಗಾಳಿ ಬಿಸಿಯಾದಷ್ಟೂ, ಭಾರ ಹೊತ್ತ ಎಂಜಿನ್ನಿನಲ್ಲಿ ಗಾಳಿಯ ಪಾಲು ಕಡಿಮೆಯಾದಷ್ಟೂ ಹೊರಬರುವ ಹೊಗೆ ಇನ್ನಷ್ಟು ಕಾಯುತ್ತದೆ, ಮಸಿ ಸುಡುವ ಮೊದಲ ದಾರಿ ಇನ್ನಷ್ಟು ತೆರೆಯುತ್ತದೆ. ಮಿತಿಯೊಳಗಿನ ತೆಳುತನ ಒಂದು ಕೈಯಲ್ಲಿ ಮಸಿ ಕೊಟ್ಟು ಇನ್ನೊಂದು ಕೈಯಲ್ಲಿ ಬೆಂಕಿಯನ್ನೂ ಕೊಡುತ್ತದೆ. ಬೆಂಕಿಯನ್ನು ಕಸಿದುಕೊಳ್ಳುವುದು ಬೇರೆಯೇ ಸಂಗತಿ.

ಅದು ಲಾರಿಯ ದಿನಚರಿ. ಈ ಮೂರು ತಾಲ್ಲೂಕುಗಳ ಸಾಗಣೆ ಎಂದರೆ ಕಡಲೆ, ಹೆಸರು, ಉಳ್ಳಾಗಡ್ಡಿ, ಹತ್ತಿ, ಮೆಣಸಿನಕಾಯಿ, ಮಲಪ್ರಭಾ ಕಾಲುವೆಯ ನೀರು ಹರಿಯುವ ನರಗುಂದದ ಕಡೆ ಗೋವಿನಜೋಳ. ಹೊಲದಿಂದ ಊರಿಗೆ, ಊರಿಂದ ಎಪಿಎಂಸಿಗೆ, ಅಲ್ಲಿಂದ ಗೋದಾಮಿಗೆ. ರೋಣದಿಂದ ನರಗುಂದಕ್ಕಾಗಲಿ ಗಜೇಂದ್ರಗಡಕ್ಕಾಗಲಿ ಒಂದು ತಾಸಿನ ಆಚೀಚೆಯ ದಾರಿ. ಎರೆಹೊಲದ ದಾರಿಯಲ್ಲಿ ಎರಡನೆಯ ಗೇರು, ವೇಬ್ರಿಡ್ಜಿನ ಮುಂದೆ ಸಾಲು, ಹಮಾಲರು ಚೀಲ ಇಳಿಸುವಾಗ ಬಂದ್ ಮಾಡದ ಎಂಜಿನ್, ಮರಳುವಾಗ ಖಾಲಿ ಗಾಡಿ. ನಿಂತಲ್ಲೇ ತಿರುಗುವ ಡೀಸೆಲ್ ಎಂಜಿನ್ನಿನ ಹೊಗೆ ಸಾಮಾನ್ಯವಾಗಿ 150 ಡಿಗ್ರಿಯನ್ನೂ ದಾಟುವುದಿಲ್ಲ. ವೇಗವರ್ಧಕ ಕೆಲಸ ಶುರುಮಾಡಲು 200–250 ಡಿಗ್ರಿ ಬೇಕು. ಅಷ್ಟು ಬಿಸಿಯಿಲ್ಲದೆ ಮೊದಲ ದಾರಿ ಇಲ್ಲ; ವೇಗವರ್ಧಕ ಎಚ್ಚರವಾಗದಿದ್ದರೆ ಹೆಚ್ಚುವರಿ ಡೀಸೆಲ್ ಹರಿಸಿ ಪ್ರಯೋಜನವಿಲ್ಲ, ಹಾಗಾಗಿ ಎರಡನೆಯದೂ ಇಲ್ಲ. ಸುಡುವಿಕೆ ಶುರುವಾಯಿತೆಂದೇ ಇಟ್ಟುಕೊಳ್ಳೋಣ: ಅರ್ಧ ತಾಸಿನ ಕೆಲಸ ಹತ್ತು ನಿಮಿಷಕ್ಕೆ ಬಂದಾಗ ಊರು ಬರುತ್ತದೆ, ಡ್ರೈವರ್ ಚಾವಿ ತಿರುಗಿಸುತ್ತಾನೆ. ಉಳಿದ ಮಸಿ ಮರುದಿನದ ಮಸಿಯ ಜೊತೆ ಸೇರುತ್ತದೆ. ಅದೇ ಉಳ್ಳಾಗಡ್ಡಿಯನ್ನು ತುಂಬಿಕೊಂಡು ರಾಷ್ಟ್ರೀಯ ಹೆದ್ದಾರಿ 52ರಲ್ಲಿ ನರಗುಂದದಿಂದ ವಿಜಯಪುರ ದಾಟಿ ಸೊಲ್ಲಾಪುರಕ್ಕೆ ಹೋಗುವ ಲಾರಿ ತಾಸುಗಟ್ಟಲೆ ಒಂದೇ ಬಿಸಿಯಲ್ಲಿ ಓಡುತ್ತದೆ. ಎರಡೂ ಲಾರಿಗಳು ಹೊರಡುವುದು ಒಂದೇ ಎತ್ತರದಿಂದ, ಕುಡಿಯುವುದು ಒಂದೇ ಬಂಕಿನ ಡೀಸೆಲ್. ಫಿಲ್ಟರಿನ ಗತಿ ಮಾತ್ರ ಬೇರೆ. ಈ ಅಂತರವನ್ನು ಎತ್ತರ ವಿವರಿಸಲಾರದು.

‘ಘಾಟಿಯಲ್ಲೇ ದೀಪ ಹೊತ್ತುತ್ತದೆ, ಹಾಗಾದರೆ ಎತ್ತರವೇ ಕಾರಣ’ ಎಂಬುದು ಇನ್ನೊಂದು ಆಕ್ಷೇಪ. ಇಲ್ಲಿ ಎತ್ತರವನ್ನೂ ಇಳಿಜಾರನ್ನೂ ಒಂದೇ ಎಂದು ಎಣಿಸಲಾಗಿದೆ. ನರಗುಂದವನ್ನು ಹಾಯುವ ಅದೇ ಹೆದ್ದಾರಿ 52 ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿಯಲ್ಲಿ ಅಂಕೋಲೆಗೆ ಇಳಿಯುತ್ತದೆ. ಲಾರಿ ಅಲ್ಲಿ ದಟ್ಟ ಗಾಳಿಯತ್ತ ಹೋಗುತ್ತಿದೆ. ತೆಳು ಗಾಳಿಯ ವಾದ ನಿಜವಾಗಿದ್ದರೆ ಇಳಿಯುತ್ತಾ ಫಿಲ್ಟರಿನ ಪಾಡು ಸುಧಾರಿಸಬೇಕಿತ್ತು. ಆಗುವುದು ತಿರುವುಮುರುವು. ಗೇರು ತಗ್ಗಿಸಿ ಎಂಜಿನ್ನಿನ ಹಿಡಿತದಲ್ಲೇ ಇಳಿಯುವಾಗ ಡೀಸೆಲ್ ಹರಿವು ನಿಲ್ಲುತ್ತದೆ, ಸಿಲಿಂಡರುಗಳು ಬರೀ ಗಾಳಿಯನ್ನು ಸೈಲೆನ್ಸರಿಗೆ ದೂಡುತ್ತವೆ, ಕಾದ ಫಿಲ್ಟರ್ ಆರುತ್ತದೆ, ನಡೆಯುತ್ತಿದ್ದ ಸುಡುವಿಕೆ ಮುರಿಯುತ್ತದೆ. ಹಿಂದಿರುಗಿ ಭಾರ ಹೊತ್ತು ಏರುವಾಗ ಅದೇ ಫಿಲ್ಟರ್ ತಾನಾಗಿ ಶುಚಿಯಾಗುತ್ತದೆ. ಇದರಲ್ಲಿ ನಿಜವಾದ ಅಪಾಯವೊಂದಿದೆ: ಮಸಿ ತುಂಬಿದ ಫಿಲ್ಟರ್ ಧಗಧಗ ಉರಿಯುತ್ತಿರುವಾಗ ಎಂಜಿನ್ ಒಮ್ಮೆಲೇ ಐಡ್ಲಿಂಗಿಗೆ ಇಳಿದರೆ, ಬಿಸಿಯನ್ನು ಹೊತ್ತೊಯ್ಯುವ ಹರಿವು ಕುಗ್ಗುತ್ತದೆ, ಹೊಗೆಯಲ್ಲಿ ಆಮ್ಲಜನಕ ಹೆಚ್ಚುತ್ತದೆ, ಒಳಗಿನ ಬಿಸಿ ಹಿಡಿತ ತಪ್ಪಿ ಸೆರಾಮಿಕ್ ಬಿರುಕುಬಿಡಬಹುದು.

ಫಿಲ್ಟರನ್ನೇ ಕಿತ್ತು ಬರೀ ಪೈಪ್ ಕೂರಿಸಿದರೆ ಡೀಸೆಲ್ಲೂ ಉಳಿಯುತ್ತದೆ, ತಲೆನೋವೂ ಹೋಗುತ್ತದೆ ಎಂಬ ಮಾತಿಗೂ ಉತ್ತರಿಸಬೇಕು. ಇದು ಕಂತು ಕಟ್ಟುವ ಸಣ್ಣ ಮಾಲೀಕರ ಸಂಕಟದಿಂದ ಬಂದ ಮಾತು. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿತು. ಮಾರುಕಟ್ಟೆಯ ಅಂಗಳದಲ್ಲಿ ನಿಂತ ಲಾರಿಯ ಹಿಂದೆ ದಿನವಿಡೀ ಉಸಿರಾಡುವವರು ಹಮಾಲರು, ಹೆಸರು ಹಸನು ಮಾಡುವ ಹೆಂಗಸರು, ಆ ಲಾರಿಯ ಕ್ಲೀನರ್. ಮೇಲಾಗಿ ಹೊಗೆಯ ಬಿಸಿ ಕಡಿಮೆಯಿರುವ ದಿನಚರಿಯೇ ಕಾಯಿಲೆಯ ಮೂಲವಾಗಿರುವಾಗ, ಫಿಲ್ಟರ್ ಕಿತ್ತರೆ ವಾಸಿಯಾಗುವುದು ಲಕ್ಷಣ ಮಾತ್ರ.

ಈ ಸೀಮೆಯ ಸಾಗಣೆಯಲ್ಲಿ ಇನ್ನೊಂದು ತೊಡಕೂ ಇದೆ. ಸುಡುವಿಕೆಯ ವೇಳೆ ಸೈಲೆನ್ಸರಿನ ಬಾಯಿಂದ ಬರುವ ಶಾಖ ಒಣ ಪದಾರ್ಥಕ್ಕೆ ಬೆಂಕಿ ಹಚ್ಚಬಲ್ಲದು. ಹತ್ತಿ ಅಂಡಿಗೆಗಳ ನಡುವೆ, ಕಡಲೆ ಹೊಟ್ಟಿನ ಬಣವೆಯ ಪಕ್ಕ, ಕಟಾವಾದ ಹೊಲದಲ್ಲಿ ಸುಡುವಿಕೆಯನ್ನು ತಡೆಯಲೆಂದೇ ಅನೇಕ ಲಾರಿಗಳಲ್ಲಿ ಒಂದು ಸ್ವಿಚ್ ಇದೆ. ಡ್ರೈವರ್ ಅದನ್ನು ಒತ್ತುವುದು ಸರಿ, ಒತ್ತದಿದ್ದರೆ ತಪ್ಪು. ಅಂಗಳ ದಾಟಿದ ಮೇಲೆ ಅದನ್ನು ಮರಳಿ ಬಿಡದಿದ್ದರೆ ಮಾತ್ರ ವಾರಗಟ್ಟಲೆ ಮಸಿ ಕೂಡುತ್ತದೆ. ಕೊನೆಗೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಂಡಾಗ ದೂರು ಎತ್ತರದ ಮೇಲೋ ಡೀಸೆಲ್ಲಿನ ಮೇಲೋ ಬೀಳುತ್ತದೆ. ಲಾರಿಯ ನಿಯಂತ್ರಕದಲ್ಲಿ ಗಾಳಿಯೊತ್ತಡದ ಅಳತೆಯೂ ಇದೆ, ಹೊಗೆಯ ಉಷ್ಣತೆಯೂ ಇದೆ, ಎಂಜಿನ್ ನಿಂತಲ್ಲೇ ತಿರುಗಿದ ತಾಸುಗಳ ಲೆಕ್ಕವೂ ಇದೆ. ಸರ್ವಿಸಿಗೆ ಬಂದ ಲಾರಿಯಿಂದ ಈ ಮೂರನ್ನೂ ಒಟ್ಟಿಗೆ ಓದಿ, ಸುಡುವಿಕೆ ಎಲ್ಲೆಲ್ಲಿ ಮುರಿಯಿತು ಎಂದು ಮಾಲೀಕರ ಮುಂದಿಟ್ಟರೆ, ವಾರಕ್ಕೊಮ್ಮೆಯಾದರೂ ಆ ಲಾರಿಗೆ ಗದಗಿನತ್ತಲೋ ಹುಬ್ಬಳ್ಳಿಯತ್ತಲೋ ತುಂಬಿದ ಬಾಡಿಗೆ ಕೊಡಬೇಕೇ ಎಂಬುದನ್ನು ಅವರೇ ತೀರ್ಮಾನಿಸಬಹುದು.